ಮೊದಲ ವರ್ಷ ಕ್ಯಾಂಪಸ್ ಹಾಸ್ಟೆಲ್ಲೋ, ಹೊರಗಿನ ರೂಮೋ?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಮಗಳು ಚಿತ್ರದುರ್ಗದಲ್ಲಿ ನನ್ನ ತಂಗಿಯ ಮನೆಯಲ್ಲಿದ್ದುಕೊಂಡು ಪಿಯುಸಿ ಮುಗಿಸಿದಳು. ಈಗ ಸಿಇಟಿ ಮೂಲಕ ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸೀಟು ಸಿಕ್ಕಿದೆ. ಕ್ಯಾಂಪಸ್ಸಿನೊಳಗೇ ಹುಡುಗಿಯರ ಹಾಸ್ಟೆಲ್ ಇದೆ. ಆದರೆ ಅವಳು, ಪಿಯುಸಿ ಗೆಳತಿಯರು ಮೂವರ ಜೊತೆ ಹೊರಗೆ ರೂಮು ಮಾಡಿಕೊಂಡು ಅಡುಗೆ ಮಾಡಿಕೊಳ್ಳುತ್ತೇನೆ ಎನ್ನುತ್ತಾಳೆ. ಹಾಸ್ಟೆಲ್ಲಿನಲ್ಲಿ ರ‍್ಯಾಗಿಂಗ್ ಇರುತ್ತದೆ, ಊಟ ಸರಿಯಿರುವುದಿಲ್ಲ ಎಂದು ನೆಂಟರೂ ಹೆದರಿಸುತ್ತಿದ್ದಾರೆ. ಮಗಳದು ಮಾತು ಕಡಿಮೆ, ಮನೆ ಬಿಟ್ಟರೆ ಬೇಗ ಕಣ್ಣೀರು ಹಾಕುತ್ತಾಳೆ. ಖರ್ಚಿನ ಯೋಚನೆಯೂ ಇದೆ. ಯಾವುದು ಒಳ್ಳೆಯದು?

ಉತ್ತರ: ಮಾನ್ಯರೇ, ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷ ನಿಮ್ಮ ಮಗಳು ಕ್ಯಾಂಪಸ್ಸಿನ ಹಾಸ್ಟೆಲ್ಲಿನಲ್ಲೇ ಇರಲಿ. ಇದಕ್ಕೆ ಒಂದು ಷರತ್ತು ಇದೆ: ಹಣ ಕಟ್ಟುವ ಮೊದಲು ನೀವು ಮತ್ತು ಮಗಳು ಇಬ್ಬರೂ ಹೋಗಿ ಹಾಸ್ಟೆಲ್ ನೋಡಬೇಕು, ರಾತ್ರಿ ಹತ್ತರ ಮೇಲೆ ಆ ಕಟ್ಟಡದೊಳಗೆ ಜವಾಬ್ದಾರಿ ಹೊತ್ತವರು ಯಾರಿರುತ್ತಾರೆ ಎಂಬ ಪ್ರಶ್ನೆಗೆ ನಿಮಗೆ ನೇರವಾದ ಉತ್ತರ ಸಿಗಬೇಕು. ಹಲವು ವರ್ಷ ಪಾಠದ ಜೊತೆಗೆ ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ ಕೆಲಸವನ್ನೂ ಮಾಡಿದವಳಾಗಿ, ಮೊದಲ ವರ್ಷದ ಮಕ್ಕಳು ಎಲ್ಲಿ ಎಡವುತ್ತಾರೆ, ಯಾರು ಅವರನ್ನು ಎತ್ತಿ ನಿಲ್ಲಿಸುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಆ ಆಧಾರದ ಮೇಲೆಯೇ ಈ ಮಾತು.

ಎಂಜಿನಿಯರಿಂಗ್‌ನ ಮೊದಲ ವರ್ಷದಲ್ಲಿ ಸಮಯಕ್ಕೆ ಇರುವ ಬೆಲೆ ಪಿಯುಸಿಯಿಂದ ಬಂದವರಿಗೆ ತಕ್ಷಣ ಅರ್ಥವಾಗುವುದಿಲ್ಲ. ಪಿಯುಸಿಯಲ್ಲಿ ವರ್ಷವಿಡೀ ಓದಿ ಕೊನೆಗೆ ಒಂದು ದೊಡ್ಡ ಪರೀಕ್ಷೆ ಬರೆದ ಅಭ್ಯಾಸ ಇರುತ್ತದೆ. ಇಲ್ಲಿ ಹಾಗಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪದ್ಧತಿಯಲ್ಲಿ ಈಗ ಬಹುತೇಕ ವಿಷಯಗಳ 100 ಅಂಕಗಳಲ್ಲಿ 50 ಅಂಕ ಸೆಮಿಸ್ಟರ್ ನಡೆಯುತ್ತಿರುವಾಗಲೇ ನಿರ್ಧಾರವಾಗಿಬಿಡುತ್ತದೆ. ಇಂಟರ್ನಲ್ಸ್ (ಕಾಲೇಜಿನವರೇ ನಡುನಡುವೆ ನಡೆಸುವ ಪರೀಕ್ಷೆ), ಲ್ಯಾಬ್ ರೆಕಾರ್ಡ್, ಅಸೈನ್‌ಮೆಂಟ್ ಎಲ್ಲವೂ ಅದರಲ್ಲಿ ಸೇರುತ್ತವೆ. ತರಗತಿ ಶುರುವಾಗಿ ಒಂದೂವರೆ ತಿಂಗಳಾಗುವ ಹೊತ್ತಿಗೆ ಮೊದಲ ಇಂಟರ್ನಲ್ಸ್ ಎದುರಿಗೆ ನಿಂತಿರುತ್ತದೆ. ಆ ಒಂದೂವರೆ ತಿಂಗಳನ್ನು ಗ್ಯಾಸ್ ಸಿಲಿಂಡರ್ ಹುಡುಕುವುದರಲ್ಲಿ, ನಲ್ಲಿಯ ನೀರು ಯಾವ ದಿನ ಬರುತ್ತದೆಂದು ಮನೆ ಮಾಲೀಕರನ್ನು ಕೇಳುವುದರಲ್ಲಿ, ಪಾತ್ರೆ ತೊಳೆಯುವ ಸರದಿ ಯಾರದೆಂಬ ಮುನಿಸಿನಲ್ಲಿ ಕಳೆದ ಹುಡುಗಿಯರು ಮೊದಲ ಸೆಮಿಸ್ಟರಿನ ಗಣಿತದಲ್ಲಿ ತೇರ್ಗಡೆಯಾಗದೆ ಬ್ಯಾಕ್ ಉಳಿಸಿಕೊಂಡು ಎರಡನೇ ವರ್ಷದವರೆಗೂ ಅದನ್ನು ಎಳೆದಾಡಿದ್ದನ್ನು ಕಂಡಿದ್ದೇನೆ. ಅವರು ದಡ್ಡರಾಗಿರಲಿಲ್ಲ, ಅವರ ಸಂಜೆಗಳೆಲ್ಲ ಮನೆಗೆಲಸಕ್ಕೇ ಹೋಗಿದ್ದವು.

ಹಾಸ್ಟೆಲ್ಲಿನಿಂದ ಆಗುವ ಇನ್ನೊಂದು ಉಪಕಾರವನ್ನು ಹೊರಗಿನವರು ಊಹಿಸುವುದು ಕಷ್ಟ. ಮೊದಲ ವರ್ಷದ ವಿದ್ಯಾರ್ಥಿಗಳನ್ನು ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂಬ ವಿಷಯಗಳ ಎರಡು ಗುಂಪುಗಳಿಗೆ ಹಂಚಿ, ಎರಡನೇ ಸೆಮಿಸ್ಟರಿನಲ್ಲಿ ಅದಲುಬದಲು ಮಾಡುತ್ತಾರೆ. ಹಾಸ್ಟೆಲ್ಲಿನ ಒಂದೇ ಕಾರಿಡಾರಿನಲ್ಲಿ ಎರಡೂ ಸೈಕಲ್ಲಿನ ಹುಡುಗಿಯರಿರುತ್ತಾರೆ. ಒಬ್ಬಳು ಈ ಸೆಮಿಸ್ಟರಿನಲ್ಲಿ ಬರೆದ ನೋಟ್ಸು, ರೆಕಾರ್ಡು, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದ ಪ್ರಶ್ನೆಗಳು ಮುಂದಿನ ಸೆಮಿಸ್ಟರಿನಲ್ಲಿ ಪಕ್ಕದ ಮಂಚದವಳಿಗೆ ಸಿಗುತ್ತವೆ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿಯವರೆಗೆ ಓದಿ ಬಂದ ಮಕ್ಕಳಿಗೆ ಇದರ ಲಾಭ ಇನ್ನೂ ಹೆಚ್ಚು. ತರಗತಿಯಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಅನುಮಾನ ಕೇಳಲು ನಾಚುವ ಹುಡುಗಿ, ರಾತ್ರಿ ಮೆಸ್ಸಿನಿಂದ ಬಂದ ಮೇಲೆ ಮಂಚದ ಮೇಲೆ ಕುಳಿತು, ಅದೇ ಲೆಕ್ಕವನ್ನು ಕನ್ನಡದಲ್ಲಿ ಗೆಳತಿಯಿಂದ ಹೇಳಿಸಿಕೊಳ್ಳುತ್ತಾಳೆ. ನಿಮ್ಮ ಮಗಳದು ಮಾತು ಕಡಿಮೆ ಎಂದು ಬರೆದಿದ್ದೀರಿ. ಇಂಥ ಮಕ್ಕಳಿಗೆ ಹಾಸ್ಟೆಲ್ ಕಷ್ಟವೆಂದು ಹಲವರು ಭಾವಿಸುತ್ತಾರೆ, ಆದರೆ ನನ್ನ ಅನುಭವ ಇದಕ್ಕೆ ವಿರುದ್ಧವಾಗಿದೆ. ಮಾತು ಬಲ್ಲವರು ಎಲ್ಲಿದ್ದರೂ ತಮಗೆ ಬೇಕಾದವರನ್ನು ಹುಡುಕಿಕೊಳ್ಳುತ್ತಾರೆ. ಮಾತು ಕಡಿಮೆ ಇರುವವರಿಗೆ, ತಾವಾಗಿ ಯಾರನ್ನೂ ಹುಡುಕಿಕೊಂಡು ಹೋಗದೆಯೂ ಪಕ್ಕದಲ್ಲಿ ಜನ ಸಿಗುವ ಜಾಗ ಬೇಕು.

ಪಿಯುಸಿ ಗೆಳತಿಯರ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಮಗಳು ಅವರೊಂದಿಗೆ ಇರಬಯಸುವುದು ಸಹಜ, ಅದನ್ನು ಹಟವೆಂದು ತಿಳಿಯಬೇಡಿ. ಹೊಸ ಊರಿನಲ್ಲಿ ಪರಿಚಯದ ಮೂರು ಮುಖಗಳಿದ್ದರೆ ಧೈರ್ಯ. ಆದರೆ ನಾಲ್ವರೂ ಒಂದೇ ರೂಮಿನಲ್ಲಿದ್ದರೆ ಹೊಸಬರ ಪರಿಚಯ ಮಾಡಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ; ನಾಲ್ವರಲ್ಲಿ ಒಬ್ಬಳಿಗೆ ಮನಸ್ಸು ಕೆಟ್ಟು ಕಾಲೇಜಿಗೆ ಹೋಗದೆ ಕುಳಿತರೆ ಉಳಿದವರೂ ಕುಳಿತುಕೊಳ್ಳುತ್ತಾರೆ; ಜಗಳವಾದರೆ ಬಿಡಿಸಲು, ಬೇರೆ ಕೋಣೆ ಕೊಡಲು ಯಾರೂ ಇರುವುದಿಲ್ಲ. ಅವರೂ ಹಾಸ್ಟೆಲ್ಲಿಗೇ ಬರುವುದಾದರೆ ಒಳ್ಳೆಯದು, ಕೋಣೆಗಳು ಮಾತ್ರ ಬೇರೆ ಬೇರೆಯಾಗಿರಲಿ. ಸಂಜೆ ಒಟ್ಟಿಗೆ ಊಟಕ್ಕೆ ಹೋಗಲು, ಭಾನುವಾರ ಒಟ್ಟಿಗೆ ಬೆಣ್ಣೆದೋಸೆ ತಿಂದು ಬರಲು ಅಡ್ಡಿಯೇನಿಲ್ಲ.

ಇನ್ನು ಹಾಸ್ಟೆಲ್ ನೋಡುವ ಬಗೆ. ಹೆತ್ತವರು ಸಾಮಾನ್ಯವಾಗಿ ಹಗಲು ಹನ್ನೊಂದಕ್ಕೆ ಬಂದು, ಕಟ್ಟಡ ನೋಡಿ, ಮಂಚ ಮುಟ್ಟಿ ನೋಡಿ, ಶುಲ್ಕ ಕಟ್ಟಿ ಹೋಗುತ್ತಾರೆ. ಆ ಹೊತ್ತಿನಲ್ಲಿ ಎಲ್ಲ ಹಾಸ್ಟೆಲ್ಲುಗಳೂ ಚೆನ್ನಾಗಿಯೇ ಕಾಣುತ್ತವೆ. ನೀವು ಸಂಜೆ ಆರರ ಮೇಲೆ ಹೋಗಿ. ಮುಖ್ಯ ವಾರ್ಡನ್ ಅಧ್ಯಾಪಕರಾಗಿದ್ದು ಊರೊಳಗಿನ ತಮ್ಮ ಮನೆಯಲ್ಲಿರುವುದು ಹಲವು ಕಡೆ ರೂಢಿ. ಹಾಗಿದ್ದರೆ ರಾತ್ರಿ ಕಟ್ಟಡದಲ್ಲೇ ಮಲಗುವ ಸಹಾಯಕ ವಾರ್ಡನ್ ಅಥವಾ ಮೇಟ್ರನ್ ಯಾರು ಎಂದು ಕೇಳಿ, ಸಾಧ್ಯವಾದರೆ ಅವರನ್ನು ಕಂಡು ಮಾತನಾಡಿ. ರಾತ್ರಿ ಒಂದು ಗಂಟೆಗೆ ಹುಡುಗಿಯೊಬ್ಬಳಿಗೆ ಜ್ವರ ಏರಿದರೆ ಏನು ಮಾಡುತ್ತೀರಿ ಎಂದು ಕೇಳಿ ನೋಡಿ. ಯಾವ ವಾಹನದಲ್ಲಿ, ಯಾವ ಆಸ್ಪತ್ರೆಗೆ, ಜೊತೆಗೆ ಯಾರು ಹೋಗುತ್ತಾರೆ, ಮನೆಗೆ ಯಾವಾಗ ಫೋನ್ ಮಾಡುತ್ತಾರೆ ಎಂದು ಅವರು ತಡವರಿಸದೆ ಹೇಳಿದರೆ ಆ ಹಾಸ್ಟೆಲ್ಲಿನಲ್ಲಿ ಇಂಥದ್ದು ಆಗಿದೆ, ಅವರು ಅದನ್ನು ನಿಭಾಯಿಸಿದ್ದಾರೆ ಎಂದು ತಿಳಿಯಿರಿ. ‘ಅಂಥದ್ದೇನೂ ಆಗುವುದಿಲ್ಲ ಬಿಡಿ’ ಎಂಬ ಉತ್ತರ ಬಂದರೆ ನನಗಂತೂ ಸಮಾಧಾನವಾಗುವುದಿಲ್ಲ. ದಾವಣಗೆರೆಯಲ್ಲಿ ದೊಡ್ಡ ಆಸ್ಪತ್ರೆಗಳಿಗೆ, ವೈದ್ಯಕೀಯ ಕಾಲೇಜುಗಳಿಗೆ ಕೊರತೆಯಿಲ್ಲ; ಕೊರತೆ ಬರುವುದಾದರೆ ಆ ಹೊತ್ತಿನಲ್ಲಿ ಕರೆದೊಯ್ಯುವವರದು.

ನೀರಿನ ಬಗ್ಗೆ ವಿಚಾರಿಸಿ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರಕ್ಕೆ ಕೊನೆಯ ಸಲ ಸರ್ವಿಸ್ ಆದ ದಿನಾಂಕದ ಚೀಟಿ ಅಂಟಿಸಿರುತ್ತಾರೆ, ಅದನ್ನು ಓದಿ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೆಯೇ, ಓವರ್‌ಹೆಡ್ ಟ್ಯಾಂಕನ್ನು ಎಷ್ಟು ದಿನಕ್ಕೊಮ್ಮೆ ತೊಳೆಸುತ್ತಾರೆ ಎಂದು ಕೇಳಿ. ಟೈಫಾಯ್ಡ್, ಕಾಮಾಲೆ ಹಾಸ್ಟೆಲ್ಲುಗಳಿಗೆ ನುಗ್ಗುವುದು ಹೆಚ್ಚಾಗಿ ಈ ದಾರಿಯಿಂದಲೇ. ಸ್ನಾನದ ಮನೆಗಳ ಚಿಲಕ ಸರಿಯಾಗಿದೆಯೇ, ಸ್ಯಾನಿಟರಿ ಪ್ಯಾಡ್ ವಿಲೇವಾರಿಗೆ ವ್ಯವಸ್ಥೆಯಿದೆಯೇ ಎಂಬುದನ್ನು ಮಗಳು ಅಥವಾ ಅವಳ ತಾಯಿ ಒಳಗೆ ಹೋಗಿ ನೋಡಲಿ. ಊಟದ ಬಗ್ಗೆ ಮೆಸ್ಸಿನ ಮ್ಯಾನೇಜರನ್ನು ಕೇಳಿ ಪ್ರಯೋಜನವಿಲ್ಲ, ಎರಡನೇ ವರ್ಷದ ಯಾವುದಾದರೂ ಹುಡುಗಿಯನ್ನು ಕೇಳಿ. ಮೆಸ್ ಬಿಲ್ ತಿಂಗಳಿಗೆ ಇಷ್ಟೆಂದು ನಿಗದಿಯೋ ಅಥವಾ ಒಟ್ಟು ಖರ್ಚನ್ನು ಹಂಚುವ ಡಿವೈಡಿಂಗ್ ಪದ್ಧತಿಯೋ ಎಂಬುದನ್ನೂ ತಿಳಿದುಕೊಳ್ಳಿ. ಡಿವೈಡಿಂಗ್ ಇದ್ದು, ವಿದ್ಯಾರ್ಥಿನಿಯರ ಮೆಸ್ ಸಮಿತಿಯವರು ದಿನಸಿಯ ಲೆಕ್ಕ ನೋಡುವ ಕಡೆ ಊಟದ ಗುಣಮಟ್ಟ ಸಾಮಾನ್ಯವಾಗಿ ಚೆನ್ನಾಗಿರುತ್ತದೆ ಎಂಬುದು ನನ್ನ ಅನುಭವ. ನಿಮ್ಮ ಕಡೆಯ ಮುದ್ದೆ, ಸೊಪ್ಪಿನ ಸಾರು ದಿನವೂ ಸಿಗಲಾರದು. ಶೇಂಗಾ ಚಟ್ನಿಪುಡಿಯ ಒಂದು ಡಬ್ಬಿ ಜೊತೆಗಿದ್ದರೆ ಎಂಥ ಸಪ್ಪೆ ಅನ್ನವೂ ಗಂಟಲಲ್ಲಿ ಇಳಿಯುತ್ತದೆ, ಜೊತೆಗೆ ನಾಲ್ಕು ಜನರ ಸ್ನೇಹವೂ ಆಗುತ್ತದೆ. ಆದರೆ ನೀರು ಕಾಯಿಸುವ ಕಾಯಿಲ್, ಕರೆಂಟ್ ಒಲೆ ಇವನ್ನು ದಯವಿಟ್ಟು ಕಟ್ಟಿ ಕಳುಹಿಸಬೇಡಿ. ಪ್ಲಾಸ್ಟಿಕ್ ಬಕೆಟ್ಟಿಗೆ ಕಾಯಿಲ್ ಹಾಕಿ ಮರೆತು ತರಗತಿಗೆ ಹೋದರೆ ಏನಾಗುತ್ತದೆಂಬುದನ್ನು ಕಂಡವರು ಯಾರೂ ಆ ನಿಯಮವನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಸಂಜೆ ಒಳಗೆ ಬರುವ ಸಮಯದ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಅನೇಕ ತಂದೆತಾಯಿಯರು ಗೇಟನ್ನು ಎಷ್ಟು ಬೇಗ ಹಾಕಿದರೆ ಅಷ್ಟು ಒಳ್ಳೆಯ ಹಾಸ್ಟೆಲ್ ಎಂದು ಭಾವಿಸುತ್ತಾರೆ. ಲೈಬ್ರರಿ ರಾತ್ರಿ ಎಂಟರವರೆಗೆ ತೆರೆದಿದ್ದು, ಹುಡುಗಿಯರ ಹಾಸ್ಟೆಲ್ಲಿನ ಗೇಟು ಮಾತ್ರ ಆರೂವರೆಗೆ ಮುಚ್ಚಿದರೆ ನಷ್ಟ ಓದಿಗೇ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮಾವಳಿಯು, ಸುರಕ್ಷತೆಯ ಕಾರಣ ಹೇಳಿ ಹುಡುಗಿಯರ ಹಾಸ್ಟೆಲ್ಲುಗಳಿಗೆ ಹುಡುಗರಿಗಿಲ್ಲದ ತಾರತಮ್ಯದ ನಿಯಮಗಳನ್ನು ಹೇರಬಾರದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಕ್ಯಾಂಪಸ್ಸಿನೊಳಗಿನ ಹಾಸ್ಟೆಲ್ಲಿನ ದೊಡ್ಡ ಅನುಕೂಲವೇ, ಲೈಬ್ರರಿಯಿಂದ ಕೋಣೆಗೆ ದೀಪವಿರುವ ದಾರಿಯಲ್ಲಿ ನಡೆದು ಬರಬಹುದೆಂಬುದು. ಆ ಅನುಕೂಲ ಮಗಳಿಗೆ ಸಿಗುತ್ತದೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ರ‍್ಯಾಗಿಂಗ್ ಬಗ್ಗೆ ನೆಂಟರು ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಹೆದರಿ ಹಿಂದೆ ಸರಿಯಬೇಕಾದ ಕಾರಣವೂ ಇಲ್ಲ. 2009ರ ಮಾರ್ಚಿನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರ ಮೊದಲ ವರ್ಷದ ವಿದ್ಯಾರ್ಥಿ ಹಿರಿಯರ ಹೊಡೆತದಿಂದ ಸತ್ತ ನಂತರ, ಅದೇ ವರ್ಷ ಯುಜಿಸಿ ರ‍್ಯಾಗಿಂಗ್ ತಡೆಯ ಕಟ್ಟುನಿಟ್ಟಿನ ನಿಯಮಾವಳಿ ತಂದಿತು. ಅದರ ಪ್ರಕಾರ ಹೊಸಬರನ್ನು ಸಾಧ್ಯವಾದಮಟ್ಟಿಗೆ ಪ್ರತ್ಯೇಕ ಬ್ಲಾಕಿನಲ್ಲಿ ಇರಿಸಬೇಕು. ಅದು ಆಗದಿದ್ದರೆ ಹಿರಿಯರು ಅವರ ಕೋಣೆಗಳಿಗೆ ಹೋಗಿಬರುವುದರ ಮೇಲೆ ವಾರ್ಡನ್ ಕಣ್ಣಿಡಬೇಕು. ದಾಖಲಾತಿಯ ಹೊತ್ತಿನಲ್ಲಿ ವಿದ್ಯಾರ್ಥಿ ಮತ್ತು ಹೆತ್ತವರು ಕೊಡುವ ಪ್ರಮಾಣಪತ್ರ ಇದೇ ನಿಯಮದ್ದು, ಅದನ್ನು ಓದದೆ ಸಹಿ ಮಾಡಬೇಡಿ. ಹೊಡೆತ ಬಡಿತ ಮಾತ್ರ ರ‍್ಯಾಗಿಂಗ್ ಎಂದು ತಿಳಿಯಬೇಡಿ. ಹಿರಿಯರ ಅಸೈನ್‌ಮೆಂಟು, ರೆಕಾರ್ಡು ಬರೆಸುವುದು, ರಾತ್ರಿಯಿಡೀ ನಿಲ್ಲಿಸಿ ‘ಇಂಟ್ರೊಡಕ್ಷನ್’ ಕೊಡಿಸುವುದು, ಬಣ್ಣ, ಜಾತಿ, ಊರು ಹಿಡಿದು ಹೀಯಾಳಿಸುವುದು ಇವೆಲ್ಲವೂ ಅದರೊಳಗೆ ಬರುತ್ತವೆ. 1800-180-5522 ಎಂಬ ರಾಷ್ಟ್ರೀಯ ಸಹಾಯವಾಣಿಗೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಈ ಸಂಖ್ಯೆ ಮಗಳ ಫೋನಿನಲ್ಲಿರಲಿ, ನಿಮ್ಮ ಫೋನಿನಲ್ಲೂ ಇರಲಿ. ಮೊದಲ ದಿನವೇ ಅವಳಿಗೆ ಒಂದು ವಿಷಯವನ್ನು ಮನವರಿಕೆ ಮಾಡಿಕೊಡಿ: ಯಾರಾದರೂ ಹೀಗೆ ನಡೆದುಕೊಂಡರೆ ನಮಗೆ ಹೇಳು, ನಾವು ನಿನ್ನನ್ನು ಬೈಯುವುದಿಲ್ಲ, ಓದು ಬಿಡಿಸಿ ಕರೆದುಕೊಂಡೂ ಹೋಗುವುದಿಲ್ಲ. ‘ಮನೆಯಲ್ಲಿ ಗೊತ್ತಾದರೆ ಓದು ನಿಲ್ಲಿಸಿಬಿಡುತ್ತಾರೆ’ ಎಂಬ ಭಯದಿಂದಲೇ ಎಷ್ಟೋ ಹುಡುಗಿಯರು ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿರುತ್ತಾರೆ. ಅದೇ ಹೊತ್ತಿಗೆ, ಹೆಚ್ಚಿನ ಹಿರಿಯ ವಿದ್ಯಾರ್ಥಿನಿಯರು ಪುಸ್ತಕ, ಡ್ರಾಫ್ಟರ್, ಲ್ಯಾಬ್ ಕೋಟು ಕೊಟ್ಟು ಕೈಹಿಡಿಯುವವರೇ ಎಂಬುದನ್ನೂ ಅವಳಿಗೆ ಹೇಳಬೇಕು.

ಕಣ್ಣೀರಿನ ಮಾತಿಗೆ ಬರೋಣ. ಮೊದಲ ಮೂರ್ನಾಲ್ಕು ವಾರ ಅವಳು ಅಳುತ್ತಾಳೆ. ರಾತ್ರಿ ಫೋನಿನಲ್ಲಿ ‘ಅಪ್ಪಾ, ನನ್ನನ್ನು ಕರ್ಕೊಂಡು ಹೋಗು’ ಎನ್ನಬಹುದು. ಆ ಮಾತು ಕೇಳಿ ಮರುದಿನವೇ ಬಸ್ ಹತ್ತಿ ಬರುವ ತಂದೆಯರನ್ನು ನಾನು ತಪ್ಪೆನ್ನಲಾರೆ, ಆದರೆ ಹಾಗೆ ಕರೆದುಕೊಂಡು ಹೋದ ಮಕ್ಕಳಿಗೆ ಎರಡನೆಯ ಸಲ ಬಂದಾಗ ಮೊದಲಿಗಿಂತ ಹೆಚ್ಚು ಕಷ್ಟವಾಗುತ್ತದೆ. ಇಲ್ಲಿ ನಮ್ಮ ಜಿಲ್ಲೆಗಳಿಗೆ ಸೇರಿದ ಒಂದು ವಿಶೇಷವಿದೆ. ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿಲೋಮೀಟರ್, ಹೆದ್ದಾರಿಯ ದಾರಿ; 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವೂ ಇಲ್ಲ. ಮನೆಯವರಿಂದ ಪೂರ್ತಿ ದೂರವಾಗದೆ ಓದಲು ಇದು ದೊಡ್ಡ ವರವೇ ಸರಿ. ಆದರೆ ಮೊದಲ ಸೆಮಿಸ್ಟರಿನಲ್ಲಿ ಶನಿವಾರ ಮಧ್ಯಾಹ್ನ ಹೊರಟು ಸೋಮವಾರ ಬೆಳಿಗ್ಗೆ ಓಡೋಡಿ ಬರುವ ಹುಡುಗಿ ಹಾಸ್ಟೆಲ್ಲಿನ ಭಾನುವಾರವನ್ನು ಕಾಣುವುದೇ ಇಲ್ಲ. ಬಟ್ಟೆ ಒಗೆಯುತ್ತಾ, ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಾ, ಮಂಡಕ್ಕಿ ಮೆಣಸಿನಕಾಯಿ ಹಂಚಿಕೊಂಡು ತಿನ್ನುತ್ತಾ ಸ್ನೇಹ ಬೆಳೆಯುವುದು ಭಾನುವಾರದಂದೇ. ಮೊದಲ ಸಲ ಮೂರು ವಾರ ಬಿಟ್ಟು ಊರಿಗೆ ಬರಲಿ, ಅಲ್ಲಿಂದ ಮುಂದೆ ಎರಡು ವಾರಕ್ಕೊಮ್ಮೆ ಆದರೆ ಸಾಕು. ನಡುವೆ ಒಂದು ಭಾನುವಾರ ನೀವೇ ಹೋಗಿ, ಒಂದೆರಡು ಗಂಟೆ ಇದ್ದು ಬನ್ನಿ. ಫೋನಿಗೆ ರಾತ್ರಿ ಊಟದ ನಂತರ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ‘ಊಟ ಆಯ್ತಾ’ ಎಂದು ಕೇಳಿದ ಮೇಲೆ ಫೋನ್ ಇಟ್ಟುಬಿಡದೆ, ಇವತ್ತು ಯಾರ ಪಕ್ಕ ಕೂತಿದ್ದೆ, ಯಾವ ಪಾಠ ತಲೆಗೆ ಹತ್ತಲಿಲ್ಲ ಎಂದು ಕೇಳಿ.

ಸಾಮಾನ್ಯವಾದ ಮನೆಯ ನೆನಪಿಗೂ ಚಿಂತಿಸಬೇಕಾದ ಸ್ಥಿತಿಗೂ ವ್ಯತ್ಯಾಸವಿದೆ. ರಾತ್ರಿ ಅತ್ತರೂ ಬೆಳಿಗ್ಗೆ ತರಗತಿಗೆ ಹೋಗುತ್ತಿದ್ದರೆ, ಒಬ್ಬಿಬ್ಬರ ಹೆಸರು ಅವಳ ಮಾತಿನಲ್ಲಿ ಬರುತ್ತಿದ್ದರೆ ಕಾಯಬಹುದು. ಎರಡು ವಾರ ಕಳೆದರೂ ಊಟ ನಿದ್ದೆ ಸೇರದಿದ್ದರೆ, ಕೋಣೆಯಿಂದ ಹೊರಗೆ ಬಾರದಿದ್ದರೆ, ಬದುಕಿನಲ್ಲಿ ಅರ್ಥವಿಲ್ಲ ಎಂಬಂಥ ಮಾತು ಒಮ್ಮೆ ಬಂದರೂ, ಪರೀಕ್ಷೆ, ಹಾಜರಾತಿ ಯಾವುದನ್ನೂ ಲೆಕ್ಕಿಸದೆ ಅದೇ ದಿನ ಹೊರಟು ಬನ್ನಿ, ವಾರ್ಡನ್‌ಗೆ ತಕ್ಷಣ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಆಪ್ತಸಲಹೆ ಸಿಗುತ್ತದೆ, ಅದಕ್ಕೆ ಹಣ ಕೊಡಬೇಕಾಗಿಲ್ಲ.

ಒಂದೇ ಕೋಣೆಯಲ್ಲಿ ಮೂರು ನಾಲ್ಕು ಜನ ಇರುವಾಗ ಕಿರಿಕಿರಿ ತಪ್ಪಿದ್ದಲ್ಲ. ನನ್ನ ಬಳಿಗೆ ಅತಿ ಹೆಚ್ಚು ಬಂದ ದೂರು ದೀಪದ್ದು: ಒಬ್ಬಳಿಗೆ ಹತ್ತಕ್ಕೆ ಮಲಗಬೇಕು, ಇನ್ನೊಬ್ಬಳು ಓದಲು ಕೂರುವುದೇ ಹನ್ನೊಂದಕ್ಕೆ. ಒಂದು ಸಣ್ಣ ಟೇಬಲ್ ಲ್ಯಾಂಪ್, ಒಂದು ಇಯರ್‌ಫೋನ್ ಇದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಇವೆರಡನ್ನೂ ಮೊದಲೇ ಕೊಡಿಸಿ.

ಹೇಳಲು ಮುಜುಗರಪಡುವ ಇನ್ನೊಂದು ಸಂಗತಿ ಕಜ್ಜಿ. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಸೊಂಟದ ಸುತ್ತ ಸಣ್ಣ ಗುಳ್ಳೆಗಳೆದ್ದು ರಾತ್ರಿ ಹೊತ್ತು ಕೆರೆತ ಹೆಚ್ಚಾದರೆ ಅದು ಕಜ್ಜಿಯಾಗಿರುವ ಸಂಭವವಿದೆ. ಅದು ಕೊಳಕಿನ ಗುರುತಲ್ಲ. ಚರ್ಮದಿಂದ ಚರ್ಮಕ್ಕೆ, ಹಂಚಿಕೊಂಡ ಹೊದಿಕೆಯಿಂದ ಎಷ್ಟೇ ಶುಚಿಯಾಗಿರುವವರಿಗೂ ಹತ್ತುತ್ತದೆ. ಮೊದಲ ಸಲ ತಗುಲಿದವರಿಗೆ ಕೆರೆತ ಶುರುವಾಗಲು ಕೆಲವು ವಾರಗಳೇ ಹಿಡಿಯುವುದರಿಂದ, ಕೆರೆತವಿಲ್ಲದ ರೂಮ್‌ಮೇಟಿನ ಮೈಯಲ್ಲೂ ಅದಿರಬಹುದು. ಆದ್ದರಿಂದ ಒಬ್ಬಳು ಗುಟ್ಟಾಗಿ ಮುಲಾಮು ಹಚ್ಚಿಕೊಂಡರೆ ವಾಸಿಯಾದಂತೆ ಕಂಡು ಮತ್ತೆ ಬರುತ್ತದೆ. ವೈದ್ಯರು ಹೇಳಿದಂತೆ ಕೋಣೆಯ ಎಲ್ಲರೂ ಒಂದೇ ದಿನ ಔಷಧ ಹಚ್ಚಿಕೊಂಡು, ಅದೇ ದಿನ ಹಾಸಿಗೆ ಬಟ್ಟೆಗಳನ್ನೆಲ್ಲ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಹಾಕಬೇಕು. ಟವೆಲ್ಲು, ಬಾಚಣಿಗೆ, ಹೊದಿಕೆ ಯಾರ ಜೊತೆಗೂ ಹಂಚಿಕೊಳ್ಳಬಾರದೆಂದು ಅವಳ ತಾಯಿಯಿಂದ ಹೇಳಿಸಿ.

ಖರ್ಚಿನ ಬಗ್ಗೆ ಹೇಳುವುದಾದರೆ, ಬಾಡಿಗೆ ರೂಮು ಅಗ್ಗವೆಂದು ಮೊದಲ ನೋಟಕ್ಕೆ ಕಂಡರೂ ಅಡ್ವಾನ್ಸ್, ಪಾತ್ರೆ, ಸ್ಟೌ, ಗ್ಯಾಸು, ಕರೆಂಟ್ ಬಿಲ್ಲು, ದಿನದ ಆಟೊ ಸೇರಿಸಿ ಲೆಕ್ಕ ಹಾಕಿ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್ಲುಗಳು ದಾವಣಗೆರೆಯಲ್ಲಿವೆ. ಅರ್ಜಿ ಆನ್‌ಲೈನ್ ಮೂಲಕ ಹಾಕಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಈಗಲೇ ಸಿದ್ಧ ಮಾಡಿಟ್ಟುಕೊಳ್ಳಿ. ನೀವು ಅರ್ಹರಾಗಿದ್ದರೆ ಅದಕ್ಕೂ ಅರ್ಜಿ ಹಾಕಿಯೇ ಬಿಡಿ. ಕಾಲೇಜಿನಿಂದ ದೂರವಿದ್ದರೂ, ಓದುವ ಹುಡುಗಿಯರ ನಡುವೆ ಇರುವ ಲಾಭ ಅಲ್ಲೂ ಸಿಗುತ್ತದೆ. ಸರ್ಕಾರಿ ಹಾಸ್ಟೆಲ್ಲಿನಲ್ಲಿ ಸೀಟು ಸಿಗದ ಅರ್ಹ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ವಸತಿಗೆಂದು ವರ್ಷಕ್ಕೆ 10 ತಿಂಗಳು ನೆರವು ಕೊಡುವ ವ್ಯವಸ್ಥೆಯೂ ಇದೆ. ಕಾಲೇಜು ಹಾಸ್ಟೆಲ್ಲಿಗೆ ಕಟ್ಟುವ ಪ್ರತಿಯೊಂದು ಮೊತ್ತಕ್ಕೂ ರಸೀದಿ ಪಡೆಯಿರಿ, ಕಾಷನ್ ಡೆಪಾಸಿಟ್ ರಸೀದಿಯನ್ನಂತೂ ನಾಲ್ಕು ವರ್ಷ ಜೋಪಾನವಾಗಿಡಿ. ನಡುವೆ ಬಿಟ್ಟರೆ ಎಷ್ಟು ಹಣ ವಾಪಸ್ ಬರುತ್ತದೆ ಎಂಬುದನ್ನು ಬರಹದಲ್ಲಿ ಕೇಳಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕೇ ಹೊರತು ಸಂಸ್ಥೆ ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ ಎಂದು 2018ರಲ್ಲಿ ಯುಜಿಸಿ ಹೊರಡಿಸಿದ ಅಧಿಸೂಚನೆ ಹೇಳುತ್ತದೆ.

ಕ್ಯಾಂಪಸ್ ಹಾಸ್ಟೆಲ್ ಬೇಡವೆಂದು ನಾನೇ ಹೇಳುವ ಸಂದರ್ಭಗಳೂ ಇವೆ. ರಾತ್ರಿ ಕಟ್ಟಡದಲ್ಲಿ ಕಾವಲುಗಾರನನ್ನು ಬಿಟ್ಟು ಬೇರೆ ಯಾರೂ ಇಲ್ಲವೆಂದು ತಿಳಿದರೆ, ಮಗಳಿಗೆ ವಿಶೇಷ ಪಥ್ಯ ಬೇಕಾಗುವ ಕಾಯಿಲೆಯಿದ್ದು ಮೆಸ್ಸಿನವರು ಅದಕ್ಕೆ ಒಪ್ಪದಿದ್ದರೆ, ಅಥವಾ ಒಂದು ಕೋಣೆಗೆ ಉಸಿರು ಕಟ್ಟುವಷ್ಟು ಜನರನ್ನು ತುಂಬಿದ್ದರೆ, ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಮನೆಯೊಡತಿ ಅಲ್ಲೇ ವಾಸವಾಗಿರುವ, ಊಟ ಕೊಡುವ ಪೇಯಿಂಗ್ ಗೆಸ್ಟ್ ವ್ಯವಸ್ಥೆ ನೋಡಿ. ಆಗಲೂ ಸ್ವಂತ ಅಡುಗೆಯ ರೂಮು ಮೊದಲ ವರ್ಷಕ್ಕೆ ಬೇಡ.

ಮಗಳಿಗೆ ಇದು ನಾಲ್ಕು ವರ್ಷದ ತೀರ್ಮಾನವಲ್ಲ, ಒಂದು ವರ್ಷದ್ದು ಎಂದು ಹೇಳಿ. ಮುಂದಿನ ವರ್ಷದ ಹಾಸ್ಟೆಲ್ ಸೀಟಿನ ನವೀಕರಣಕ್ಕೆ ಹೆಸರು ಕೊಡಲು ಎರಡನೇ ಸೆಮಿಸ್ಟರ್ ಮುಗಿಯುವ ಮೊದಲೇ ಸೂಚನೆ ಬರುತ್ತದೆ. ಆ ಹೊತ್ತಿಗೆ ಅವಳಿಗೆ ದಾವಣಗೆರೆಯ ಬೀದಿಗಳು, ಕಾಲೇಜಿನ ನಡೆ, ತನ್ನ ಓದಿನ ರೀತಿ ಎಲ್ಲವೂ ತಿಳಿದಿರುತ್ತವೆ. ಆಗ ಹೊರಗೆ ರೂಮು ಮಾಡುತ್ತೇನೆ ಎಂದರೆ ಅವಳ ಮಾತಿಗೇ ಬಿಡಿ.